ಒಂದು ಹಲವಾದ ಕತೆ: ಇಂಗ್ಲಿಷ್ ಬಹುವಚನದ ಚರಿತ್ರೆ

ಕನ್ನಡ ಮಾಧ್ಯಮದ ನಮ್ಮಂಥ ಶಾಲೆಗಳ ಇಂಗ್ಲಿಷ್ ಉತ್ತರಪತ್ರಿಕೆಗಳಲ್ಲಿ ಕೆಂಪು ಶಾಯಿ ಹೆಚ್ಚು ಬೀಳುವುದು ಶಬ್ದದ ಕೊನೆಯಲ್ಲಿ. ‘ಫೈವ್ ಟ್ರೀ’, ‘ಟೆನ್ ರುಪೀ’ ಎಂದು ಬರೆದರೆ ಅಲ್ಲೊಂದು ಎಸ್ ಬಿಟ್ಟುಹೋಗಿದೆ. ‘ಚಿಲ್ಡ್ರನ್ಸ್’, ‘ಶೀಪ್ಸ್’, ‘ಫರ್ನಿಚರ್ಸ್’ ಎಂದು ಬರೆದರೆ ಬೇಡದ ಕಡೆ ಅದೇ ಎಸ್ ಬಂದು ಕೂತಿದೆ. ಬೇಕಾದಲ್ಲಿ ಇಲ್ಲ, ಬೇಡದಲ್ಲಿ ಉಂಟು. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಊರಿನ ಚರಿತ್ರೆ, ಶಾಲೆ ಕಟ್ಟಿದವರ ಚರಿತ್ರೆ ಬರೆಯಲು ಹಿರಿಯರಿದ್ದಾರೆ. ನಾನು ಆ ಒಂದು ಅಕ್ಷರದ ಚರಿತ್ರೆಯನ್ನು ಹೇಳಹೊರಟಿದ್ದೇನೆ.

ಸಾಫ್ಟ್‌ವೇರ್ ಕೆಲಸದವನಿಗೆ ವ್ಯಾಕರಣದ ಗೊಡವೆ ಯಾಕೆ ಎಂದು ಕೇಳಬಹುದು. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕಂಪೆನಿಯಲ್ಲಿ ಸಂದರ್ಶನ ನಡೆಸುವವರ ಸಾಲಿನಲ್ಲಿ ನಾನೂ ಕೂತಿದ್ದೆ. ಹಳ್ಳಿಯ ಸರಕಾರಿ ಶಾಲೆಯಲ್ಲಿ ಕಲಿತು ಬಂದ ಒಬ್ಬ ಹುಡುಗ ಕೊಟ್ಟ ಲೆಕ್ಕವನ್ನು ಬೇರೆ ಎಲ್ಲರಿಗಿಂತ ಚೆನ್ನಾಗಿ ಬಿಡಿಸಿದ. ಮಾತಿನ ನಡುವೆ ‘ಇನ್ಫರ್ಮೇಶನ್ಸ್’ ಎಂದ. ನನ್ನ ಪಕ್ಕದಲ್ಲಿದ್ದವರು ನಕ್ಕರು. ಅವನು ಹೊರಗೆ ಹೋದ ಮೇಲೆ ಅವನ ಪ್ರೋಗ್ರಾಮಿನ ಬಗ್ಗೆ ಆದದ್ದಕ್ಕಿಂತ ಹೆಚ್ಚು ಮಾತು ಆ ಒಂದು ಎಸ್ ಬಗ್ಗೆ ಆಯಿತು. ಅವನಿಗೆ ಕೆಲಸ ಸಿಗಲಿಲ್ಲ. ಫ್ರೆಂಚರು ಅದೇ ಶಬ್ದವನ್ನು ತಮ್ಮ ಭಾಷೆಯಲ್ಲಿ ಎಸ್ ಹಚ್ಚಿಯೇ ಬಳಸುತ್ತಾರೆ, ಯಾರೂ ನಗುವುದಿಲ್ಲ. ಹಾಗಾದರೆ ಇಂಗ್ಲಿಷಿಗೆ ಈ ನಿಯಮಗಳು ಎಲ್ಲಿಂದ ಬಂದವು ಎಂದು ಹುಡುಕುತ್ತಾ ಹೋದೆ. ಸಿಕ್ಕಿದ್ದು ಇಷ್ಟು.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಬಹುವಚನಕ್ಕೆ ಒಂದೇ ದಾರಿ ಇರಲಿಲ್ಲ. ಶಬ್ದಗಳಿಗೆ ಲಿಂಗ ಇತ್ತು, ವಿಭಕ್ತಿ ಇತ್ತು, ಗುಂಪಿಗೊಂದು ಪ್ರತ್ಯಯ ಇತ್ತು. ಕಲ್ಲಿಗೆ ‘ಸ್ಟಾನ್’, ಕಲ್ಲುಗಳಿಗೆ ‘ಸ್ಟಾನಸ್’. ಹೆಸರಿಗೆ ‘ನಮ’, ಹೆಸರುಗಳಿಗೆ ‘ನಮನ್’. (ಸಂಸ್ಕೃತದ ‘ನಾಮನ್’ಗೂ ಇದಕ್ಕೂ ದೂರದ ನೆಂಟಸ್ತಿಕೆ ಇದೆ.) ಹಡಗಿಗೆ ‘ಶಿಪ್’, ಹಡಗುಗಳಿಗೆ ‘ಶಿಪು’. ಪುಸ್ತಕಕ್ಕೆ ‘ಬೋಕ್’, ಹಲವು ಪುಸ್ತಕಗಳಾದರೆ ‘ಬೇಚ್’. ಕುರಿ, ಜಿಂಕೆ, ಮನೆ ಮುಂತಾದ ಕೆಲವು ಶಬ್ದಗಳಿಗೆ ಏನನ್ನೂ ಸೇರಿಸುವುದಿರಲಿಲ್ಲ. ಒಂದಾದರೂ ಹತ್ತಾದರೂ ಅದೇ ರೂಪ. ಇಂದು ಮಕ್ಕಳು ಬಾಯಿಪಾಠ ಮಾಡುವ ‘ಶೀಪ್–ಶೀಪ್’, ‘ಡಿಯರ್–ಡಿಯರ್’ ಆ ಗುಂಪಿನಲ್ಲಿ ಉಳಿದವು. ‘ಹೌಸ್’ ಮಾತ್ರ ಆ ಗುಂಪು ಬಿಟ್ಟು ಎಸ್ ಕಡೆಗೆ ಹೋಯಿತು.

‘ಫುಟ್–ಫೀಟ್’, ‘ಟೂತ್–ಟೀತ್’, ‘ಮೌಸ್–ಮೈಸ್’, ‘ಮ್ಯಾನ್–ಮೆನ್’ ಇವುಗಳ ಕತೆ ಇನ್ನೂ ಹಳೆಯದು. ಬರವಣಿಗೆಗೂ ಮುಂಚಿನ ಕಾಲದಲ್ಲಿ ಇವುಗಳ ಬಹುವಚನದ ಕೊನೆಯಲ್ಲಿ ಒಂದು ‘ಇ’ಕಾರ ಇತ್ತು. ಮುಂದೆ ‘ಇ’ ಬರಲಿದೆ ಎಂದು ತಿಳಿದ ನಾಲಿಗೆ ಹಿಂದಿನ ಸ್ವರವನ್ನೇ ಅದರ ಕಡೆಗೆ ಎಳೆಯಿತು. ‘ಫೋಟ್’ ಎನ್ನುವುದು ‘ಫೇಟ್’ ಆಯಿತು. ಆಮೇಲೆ ಆ ‘ಇ’ ಉದುರಿಹೋಯಿತು, ಅದು ಎಳೆದು ಬದಲಾಯಿಸಿದ ಸ್ವರ ಮಾತ್ರ ಉಳಿಯಿತು. ನಿಯಮವಿಲ್ಲದೆ ಬದಲಾಗುವ ಶಬ್ದಗಳು ಎಂದು ಪಾಠದಲ್ಲಿ ಪಟ್ಟಿ ಮಾಡುತ್ತೇವಲ್ಲ, ಅವು ಒಂದು ಕಾಲದಲ್ಲಿ ಬಹಳ ಶಿಸ್ತಿನ ನಿಯಮದಲ್ಲಿ ನಡೆದವು. ಆ ನಿಯಮ ಸತ್ತಿತು, ಶಬ್ದಗಳು ಬದುಕಿದವು, ಅಷ್ಟೆ.

ಹಾಗಾದರೆ ಎಸ್ ಗೆದ್ದದ್ದು ಹೇಗೆ? ಪುಲ್ಲಿಂಗ ಶಬ್ದಗಳ ಒಂದು ದೊಡ್ಡ ಗುಂಪಿನಲ್ಲಿ ‘ಅಸ್’ ಎಂಬ ಪ್ರತ್ಯಯ ಇತ್ತು. ಶಬ್ದದ ಕೊನೆಯ ಸ್ವರಗಳು ಕಾಲಕ್ರಮದಲ್ಲಿ ಸವೆದು ಒಂದೇ ಥರ ಕೇಳತೊಡಗಿದಾಗ ಉಳಿದ ಪ್ರತ್ಯಯಗಳ ಗುರುತು ಸಿಗದಾಯಿತು. ಈ ‘ಸ್’ ಮಾತ್ರ ಗಟ್ಟಿಯಾಗಿ ಕೇಳುತ್ತಿತ್ತು. ಉತ್ತರ ಇಂಗ್ಲೆಂಡಿನಲ್ಲಿ ನೆಲೆಸಿದ ಡೇನ್ ಜನರ ಜೊತೆಗಿನ ವ್ಯವಹಾರದಿಂದಲೂ ಪ್ರತ್ಯಯಗಳು ಬೇಗ ಕಳಚಿದವು ಎನ್ನುವವರಿದ್ದಾರೆ. 1066ರಲ್ಲಿ ನಾರ್ಮನ್ನರು ಬಂದು ಫ್ರೆಂಚ್ ಅರಮನೆಯ ಭಾಷೆಯಾಯಿತು. ಫ್ರೆಂಚಿನಲ್ಲಿಯೂ ಬಹುವಚನಕ್ಕೆ ಎಸ್ ಇತ್ತು, ಅದೂ ಒತ್ತಾಸೆಯಾಯಿತು. ಎಸ್‌ಗೆ ಎದುರಾಳಿಯಾಗಿ ನಿಂತದ್ದು ‘ಎನ್’. ದಕ್ಷಿಣ ಇಂಗ್ಲೆಂಡಿನಲ್ಲಿ ಅದು ಬಹಳ ಕಾಲ ಹಟ ಹಿಡಿಯಿತು. ಕಣ್ಣುಗಳು ‘ಐನ್’, ಚಪ್ಪಲಿಗಳು ‘ಶೂನ್’. ಕೊನೆಗೆ ಸೋತಿತು. ‘ಆಕ್ಸನ್’ ಒಂದು ಮಾತ್ರ ಹಳೆಯ ಗದ್ದೆಯಲ್ಲಿ ಉಳಿದ ಎತ್ತಿನ ಹಾಗೆ ಉಳಿದುಕೊಂಡಿದೆ.

ಈ ಜಗಳದ ಕಾಲದ ಒಂದು ಪ್ರಸಂಗವನ್ನು ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ತಾನು ಅಚ್ಚು ಹಾಕಿದ ಒಂದು ಪುಸ್ತಕದ ಮುನ್ನುಡಿಯಲ್ಲಿ ಬರೆದಿದ್ದಾನೆ. ಕೆಲವು ವ್ಯಾಪಾರಿಗಳು ಥೇಮ್ಸ್ ನದಿಯಿಂದ ಹಡಗಿನಲ್ಲಿ ಹೊರಟವರು ಗಾಳಿಯಿಲ್ಲದೆ ದಡದಲ್ಲಿ ನಿಲ್ಲಬೇಕಾಯಿತು. ಅವರಲ್ಲೊಬ್ಬ ಒಂದು ಮನೆಗೆ ಹೋಗಿ ಊಟಕ್ಕೆ ‘ಎಗ್ಸ್’ ಕೇಳಿದ. ಮನೆಯಾಕೆ ತನಗೆ ಫ್ರೆಂಚ್ ಬಾರದು ಎಂದಳು. ವ್ಯಾಪಾರಿಗೆ ಸಿಟ್ಟು ಬಂತು, ಯಾಕೆಂದರೆ ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ, ಅವನು ಕೇಳಿದ್ದು ಮೊಟ್ಟೆ. ಇನ್ನೊಬ್ಬ ಮುಂದೆ ಬಂದು ‘ಐರನ್’ ಬೇಕಂತೆ ಎಂದ ಮೇಲೆ ಆಕೆಗೆ ಅರ್ಥವಾಯಿತು. ಉತ್ತರದವರ ಎಸ್, ದಕ್ಷಿಣದವರ ಎನ್. ಒಂದೇ ದೇಶ, ಒಂದೇ ಭಾಷೆ, ಒಂದು ಮೊಟ್ಟೆಯ ಬಹುವಚನ ಗೊತ್ತಾಗದೆ ಊಟಕ್ಕೆ ತೊಂದರೆ. ಯಾವುದನ್ನು ಬರೆಯಲಿ ಎಂದು ಆ ಮುದ್ರಕನೇ ತಲೆ ಕೆರೆದುಕೊಂಡಿದ್ದಾನೆ. ನಮ್ಮಲ್ಲಿ ಕುಂಬ್ರದಿಂದ ಬೆಳ್ಳಾರೆಗೆ ಹೋಗುವಷ್ಟರಲ್ಲಿ ತುಳು, ಹವ್ಯಕ, ಅರೆಭಾಷೆ, ಬ್ಯಾರಿ, ಮಲಯಾಳ ಎಲ್ಲ ಕಿವಿಗೆ ಬೀಳುತ್ತವೆ. ಆ ಮುದ್ರಕನ ಕಷ್ಟ ನಮಗೆ ಅರ್ಥವಾಗದ್ದಲ್ಲ.

‘ಚಿಲ್ಡ್ರನ್’ ಶಬ್ದದ ಹೊಟ್ಟೆಯಲ್ಲಿ ಈ ಇಡೀ ಇತಿಹಾಸ ಇದೆ. ಮೊದಲು ‘ಚೈಲ್ಡ್’ಗೆ ‘ರು’ ಸೇರಿಸಿ ಬಹುವಚನ ಮಾಡಿದರು. ಅದು ‘ಚಿಲ್ಡರ್’ ಆಯಿತು. ಮುಂದೆ ಬಂದವರಿಗೆ ಅದು ಬಹುವಚನ ಎಂದು ಸಾಕಷ್ಟು ಅನ್ನಿಸದೆ ಮೇಲಿಂದ ‘ಎನ್’ ಹಚ್ಚಿದರು. ಹೀಗೆ ಅದು ಎರಡು ಸಲ ಬಹುವಚನವಾದ ಶಬ್ದ. ನಮ್ಮ ಹುಡುಗರು ‘ಚಿಲ್ಡ್ರನ್ಸ್’ ಎಂದು ಬರೆದಾಗ ಮೂರನೆಯ ಸಲ ಬಹುವಚನ ಮಾಡುತ್ತಾರೆ. ಮೊದಲ ಎರಡು ಸಲ ಮಾಡಿದವರಿಗೆ ಯಾರೂ ಅಂಕ ಕಳೆಯಲಿಲ್ಲ ಎನ್ನುವುದಷ್ಟೇ ವ್ಯತ್ಯಾಸ.

ಕನ್ನಡದಲ್ಲಿಯೂ ಇದೇ ನಡೆದಿದೆ. ‘ಮಗು’ವಿನ ಬಹುವಚನ ‘ಮಕ್ಕಳು’. ಅದರೊಳಗೆ ಬಹುವಚನದ ‘ಕಳ್’ ಆಗಲೇ ಸೇರಿಕೊಂಡಿದೆ. ಆದರೂ ‘ಮಕ್ಕಳುಗಳು’ ಎಂದು ಹೇಳುವವರು ಎಷ್ಟು ಮಂದಿ! ‘ಅವರು’ ಬಹುವಚನ, ಭಾಷಣದಲ್ಲಿ ‘ಅವರುಗಳು’ ಆಗುತ್ತದೆ. ‘ದೇವರು’ ರೂಪದಲ್ಲಿ ಬಹುವಚನ, ಗೌರವಕ್ಕಾಗಿ ಏಕವಚನಕ್ಕೆ ಬಂದದ್ದು. ಹಾಗಾಗಿ ಹಲವು ದೇವರಿದ್ದರೆ ‘ದೇವರುಗಳು’ ಎನ್ನದೆ ವಿಧಿಯಿಲ್ಲ. ಹವ್ಯಕರ ಮನೆಯಲ್ಲಿ ‘ಮಕ್ಕೊ’, ‘ಮರಂಗೊ’, ‘ಪುಸ್ತಕಂಗೊ’. ಹಳಗನ್ನಡದ ‘ಮರಂಗಳ್’ ಎಂಬ ರೂಪವನ್ನು ಬಲ್ಲವರಿಗೆ ಈ ‘ಮರಂಗೊ’ದ ಅನುಸ್ವಾರ ಎಲ್ಲಿಯದೆಂದು ತಿಳಿಯುತ್ತದೆ. ತುಳುವಿನಲ್ಲಿ ‘ಲು’ ಮತ್ತು ‘ಕುಲು’. ಇಲ್ಲುಲು, ಪುಚ್ಚೆಲು, ಮರಕುಲು, ಪೂಕುಲು. ಮಕ್ಕಳಾದರೆ ‘ಜೋಕುಲು’, ಒಂದೇ ಆದರೆ ಸಾಮಾನ್ಯವಾಗಿ ‘ಬಾಲೆ’, ಶಬ್ದವೇ ಬೇರೆ. ಯಾವ ಶಬ್ದಕ್ಕೆ ‘ಲು’, ಯಾವುದಕ್ಕೆ ‘ಕುಲು’ ಎಂದು ಕುಂಬ್ರದ ಯಾವ ಮಗುವಿಗೂ ಯಾರೂ ಕಲಿಸಿದ್ದಲ್ಲ, ತಪ್ಪುವುದೂ ಇಲ್ಲ.

ಇದನ್ನು ಮೊದಲು ಪುಸ್ತಕದಲ್ಲಿ ಇಳಿಸಿದ ಕೆಲಸ ನಮ್ಮ ಜಿಲ್ಲೆಯಲ್ಲೇ ಆಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1841ರಲ್ಲಿ ಅಚ್ಚುಕೂಟ ಆರಂಭಿಸಿತು. 1872ರಲ್ಲಿ ಆ ಮಿಶನ್ನಿನ ಎರಡು ಪುಸ್ತಕಗಳು ಮಂಗಳೂರಿನಿಂದ ಹೊರಬಂದವು. ಒಂದು, ಬ್ರಿಗೆಲ್ ಪಾದ್ರಿಗಳು ಬರೆದ ತುಳು ವ್ಯಾಕರಣ. ಇನ್ನೊಂದು, ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣ, ಕಿಟೆಲ್ ಅವರ ಸಂಪಾದನೆಯಲ್ಲಿ. ತುಳುವಿನ ಬಹುವಚನವನ್ನು ಇಂಗ್ಲಿಷಿನಲ್ಲಿ ವಿವರಿಸಿದವರು ಜರ್ಮನ್ ಮಾತನಾಡುವವರು ಎಂಬುದು ಗಮನಿಸಬೇಕಾದ ಸಂಗತಿ. ಇಂಗ್ಲಿಷಿನ ಒಡಹುಟ್ಟಾದ ಜರ್ಮನಿನಲ್ಲಿ ಇಂದಿಗೂ ಬಹುವಚನಕ್ಕೆ ಹಲವು ಪ್ರತ್ಯಯಗಳಿವೆ, ಸ್ವರ ಬದಲಾವಣೆಯೂ ಇದೆ. ಇಂಗ್ಲಿಷ್ ಎಸೆದುಬಿಟ್ಟದ್ದನ್ನೆಲ್ಲ ಅದು ಇಟ್ಟುಕೊಂಡಿದೆ. ‘ಲು’, ‘ಕುಲು’ಗಳ ಬಗ್ಗೆ ಅವರಿಗೆ ಅಷ್ಟು ತಾಳ್ಮೆ ಇದ್ದದ್ದು ಇದೇ ಕಾರಣಕ್ಕೆ ಇರಬೇಕು ಎಂದು ನನ್ನ ಊಹೆ.

ಇತ್ತ ಇಂಗ್ಲಿಷ್ ವ್ಯಾಕರಣ ನಮ್ಮ ಕಡೆಗೆ ಬಂದದ್ದು ಬೇರೆ ದಾರಿಯಲ್ಲಿ. 1799ರಲ್ಲಿ ಕೆನರಾ ಕಂಪೆನಿಯ ಕೈಗೆ ಹೋಯಿತು. 1956ರ ನವೆಂಬರ್ 1ರವರೆಗೂ ನಮ್ಮ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿತ್ತು. ಇಂಗ್ಲೆಂಡಿನಲ್ಲಿ 1795ರಲ್ಲಿ ಲಿಂಡ್ಲಿ ಮರ್ರೆ ಎಂಬಾತ ಬರೆದ ವ್ಯಾಕರಣ ಲಕ್ಷಗಟ್ಟಲೆ ಖರ್ಚಾಯಿತು. ನಿಯಮ, ಅದರ ಕೆಳಗೆ ಅಪವಾದಗಳ ಪಟ್ಟಿ ಎಂಬ ಕ್ರಮ ಶಾಲೆಗಳಲ್ಲಿ ಬೇರೂರಿತು. ನಮ್ಮ ದೇಶದಲ್ಲಿ ಮೊದಲು ನೆಸ್‌ಫೀಲ್ಡ್, 1930ರ ದಶಕದಿಂದ ರೆನ್ ಮತ್ತು ಮಾರ್ಟಿನ್. ಈ ರೆನ್ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದವರು, ಸಾಹಸದ ಕಾದಂಬರಿ ಬರೆದು ಹೆಸರಾದವರು. ಕಾದಂಬರಿ ಓದಿದವರು ನಮ್ಮಲ್ಲಿ ಕಡಿಮೆ. ವ್ಯಾಕರಣಕ್ಕೆ ಹೆದರಿದವರು ಬಹಳ. ಈ ಪುಸ್ತಕಗಳು ‘ಹೀಗೆ’ ಎಂದು ಹೇಳಿದವು, ‘ಯಾಕೆ ಹೀಗೆ’ ಎಂದು ಹೇಳುವ ವ್ಯವಧಾನ ಅವಕ್ಕಿರಲಿಲ್ಲ.

ಆ ‘ಯಾಕೆ’ ಕೆಲವು ಕಡೆ ಬಹಳ ಸುಲಭ. ‘ಸಿಟಿ’ ‘ಸಿಟೀಸ್’ ಆಗುವಾಗ ವೈ ಹೋಗಿ ಐ, ಇ ಬರುತ್ತದೆ ಎಂದು ಕಲಿಯುತ್ತೇವೆ. ನಿಜಕ್ಕೂ ಹಿಂದೆ ಏಕವಚನವನ್ನೇ ಹೆಚ್ಚಾಗಿ ಐ, ಇ ಹಾಕಿ ಬರೆಯುತ್ತಿದ್ದರು. 1611ರ ಬೈಬಲಿನಲ್ಲಿ ಹಾಗೆಯೇ ಇದೆ. ಮುಂದೆ ಏಕವಚನ ವೈಗೆ ಬದಲಾಯಿತು, ಬಹುವಚನ ಹಳೆಯದರಲ್ಲೇ ಉಳಿಯಿತು. ‘ನೈಫ್’ ‘ನೈವ್ಸ್’ ಆಗುವುದೂ ಹೀಗೆ. ಹಿಂದೆ ಎರಡು ಸ್ವರಗಳ ನಡುವೆ ಸಿಕ್ಕಿದ ಎಫ್ ಅನ್ನು ವಿ ಎಂದೇ ಉಚ್ಚರಿಸುತ್ತಿದ್ದರು. ಬಹುವಚನದಲ್ಲಿ ಎಫ್‌ನ ಎರಡೂ ಕಡೆ ಸ್ವರ ಇತ್ತು, ಏಕವಚನದಲ್ಲಿ ಇರಲಿಲ್ಲ. ‘ಚೀಫ್’ ಫ್ರೆಂಚಿನಿಂದ ಆಮೇಲೆ ಬಂದದ್ದು, ಅದಕ್ಕೆ ಈ ಸಂಪ್ರದಾಯ ಗೊತ್ತಿಲ್ಲ, ‘ಚೀಫ್ಸ್’ ಆಯಿತು. ‘ಮ್ಯಾಂಗೋ’ ಶಬ್ದದ ಬಹುವಚನಕ್ಕೆ ಇ, ಎಸ್ ಎರಡನ್ನೂ ಹಾಕಲು ಹೇಳುತ್ತಾರೆ. ಆ ಶಬ್ದ ಹೊರಟದ್ದು ನಮ್ಮದೇ ಪಶ್ಚಿಮ ಕರಾವಳಿಯಿಂದ, ಮಲಯಾಳದ ‘ಮಾಂಙ’ ಪೋರ್ಚುಗೀಸರ ಬಾಯಿಗೆ ಬಿದ್ದು. ಹಲಸಿನ ‘ಜಾಕ್’, ವೀಳ್ಯದ ‘ಬೀಟಲ್’, ಅಡಿಕೆಯ ‘ಅರೆಕಾ’ ಎಲ್ಲ ಅದೇ ಹಡಗಿನಲ್ಲಿ ಹೋದವು. ನಮ್ಮ ತೋಟದಿಂದ ಹೋದ ಮಾವಿಗೆ ಅವರು ಒಂದು ಪ್ರತ್ಯಯ ಹಚ್ಚಿ ನಮಗೇ ಪರೀಕ್ಷೆಯಲ್ಲಿ ಕೇಳುತ್ತಾರೆ.

ನಾವು ದಿನಾ ಪುತ್ತೂರಿಗೆ, ಸುಳ್ಯಕ್ಕೆ ಹೋಗುವ ‘ಬಸ್’ ಇನ್ನೂ ತಮಾಷೆಯದು. ಲ್ಯಾಟಿನಿನಲ್ಲಿ ‘ಓಮ್ನಿಬುಸ್’ ಎಂದರೆ ‘ಎಲ್ಲರಿಗಾಗಿ’. ಅದು ಚತುರ್ಥೀ ವಿಭಕ್ತಿಯ ಬಹುವಚನ. ಫ್ರಾನ್ಸಿನಲ್ಲಿ ಎಲ್ಲರೂ ಹತ್ತಬಹುದಾದ ಕುದುರೆಗಾಡಿಗೆ ಆ ಹೆಸರಾಯಿತು, 1829ರಲ್ಲಿ ಲಂಡನ್ನಿಗೂ ಬಂತು. ಜನ ಉದ್ದದ ಹೆಸರನ್ನು ಕತ್ತರಿಸಿ ಬಾಲ ಮಾತ್ರ ಇಟ್ಟುಕೊಂಡರು. ಅಂದರೆ ‘ಬಸ್’ ಎನ್ನುವುದು ಬರಿಯ ವಿಭಕ್ತಿ ಪ್ರತ್ಯಯದ ಚೂರು. ಕನ್ನಡದಲ್ಲಿ ‘ಎಲ್ಲರಿಗೆ’ ಎಂಬ ಶಬ್ದದ ‘ರಿಗೆ’ಯನ್ನು ಮಾತ್ರ ಇಟ್ಟುಕೊಂಡು ‘ರಿಗೆ ಬಂತು, ಹತ್ತಿ’ ಎಂದ ಹಾಗೆ. ಆ ಬಹುವಚನದ ಬಾಲಕ್ಕೆ ಇಂಗ್ಲಿಷರು ‘ಬಸಸ್’ ಎಂದು ಮತ್ತೊಂದು ಬಹುವಚನ ಸೇರಿಸಿದರು, ನಾವು ‘ಬಸ್ಸುಗಳು’ ಎಂದು ನಮ್ಮದನ್ನು ಸೇರಿಸಿದೆವು. ಗ್ರಾಮಸಭೆಯ ‘ಅಜೆಂಡಾ’, ಮೊಬೈಲಿನ ‘ಡಾಟಾ’ ಕೂಡ ಲ್ಯಾಟಿನಿನಲ್ಲಿ ಬಹುವಚನಗಳೇ. ಬಟಾಣಿಯದು ತಲೆಕೆಳಗು: ‘ಪೀಸ್’ ಎಂಬ ಏಕವಚನವನ್ನು ಬಹುವಚನವೆಂದು ತಿಳಿದು ಜನ ಎಸ್ ಕಿತ್ತುಹಾಕಿ ‘ಪೀ’ ಎಂಬ ಹೊಸ ಶಬ್ದವನ್ನೇ ಮಾಡಿದರು. ತಪ್ಪಿನಿಂದ ಹುಟ್ಟಿದ ಆ ಶಬ್ದ ಇಂದು ನಿಘಂಟಿನಲ್ಲಿದೆ.

ಈಗ ಕೆಂಪು ಶಾಯಿಯ ‘ಫೈವ್ ಟ್ರೀ’ಗೆ ಬರೋಣ. ನಮ್ಮ ಮಕ್ಕಳು ಅದನ್ನು ಬರೆಯುವುದು ಅಸಡ್ಡೆಯಿಂದಲ್ಲ. ಕನ್ನಡದಲ್ಲಿ ಸಂಖ್ಯೆ ಹೇಳಿದ ಮೇಲೆ ವಸ್ತುವಿಗೆ ಬಹುವಚನ ಬೇಕಾಗಿಲ್ಲ. ಐದು ಮರ, ಹತ್ತು ರೂಪಾಯಿ, ನೂರು ತೆಂಗಿನಕಾಯಿ, ಮೂರು ದಿನ. ಐದು ಎಂದ ಮೇಲೆ ಹಲವು ಎಂದು ಗೊತ್ತಾಯಿತಲ್ಲ, ಮತ್ತೆ ‘ಗಳು’ ಯಾಕೆ? ಮನುಷ್ಯರಾದರೆ ಮಾತ್ರ ‘ಐದು ಮಂದಿ ಹುಡುಗರು’. ಇಂಗ್ಲಿಷ್ ಮಾತ್ರ ಎರಡು ಸಲ ಹೇಳಬೇಕು ಎನ್ನುತ್ತದೆ. ಅದೂ ಎಲ್ಲ ಕಡೆ ಅಲ್ಲ: ‘ಫೈವ್ ರುಪೀ ನೋಟ್’ ಎನ್ನುವಾಗ, ‘ಟೆನ್ ಫುಟ್ ಪೋಲ್’ ಎನ್ನುವಾಗ ಎಸ್ ಇಲ್ಲ, ‘ಫೀಟ್’ ಇಲ್ಲ. ಅಳತೆಯ ಶಬ್ದಗಳಿಗೆ ಹಳೆಯ ಇಂಗ್ಲಿಷಿನಲ್ಲಿ ಷಷ್ಠೀ ವಿಭಕ್ತಿಯ ಬಹುವಚನ ಬರುತ್ತಿತ್ತು. ಅದರ ಪ್ರತ್ಯಯ ಸವೆದುಹೋಗಿ ಏಕವಚನದಂತೆ ಕಾಣುವ ರೂಪ ಉಳಿಯಿತು. ಮಕ್ಕಳಿಗೆ ‘ನಮ್ಮ ಭಾಷೆಯಲ್ಲಿ ಹೀಗೆ, ಅವರಲ್ಲಿ ಹಾಗೆ’ ಎಂದು ಎರಡು ಮಾತು ಹೇಳಿದರೆ ಹತ್ತು ಸಲ ಬರೆಸುವುದಕ್ಕಿಂತ ಬೇಗ ಹಿಡಿಯುತ್ತದೆ. ನಮ್ಮ ಶಾಲೆಯ ಕೆಲವು ಮಾಸ್ಟ್ರುಗಳು, ಟೀಚರುಗಳು ಇದನ್ನು ತುಳುವಿನಲ್ಲಿಯೇ ಹೇಳಿ ಅರ್ಥ ಮಾಡಿಸುತ್ತಿದ್ದರು.

ಉಚ್ಚಾರದ್ದೂ ಇದೇ ಕತೆ. ಇಂಗ್ಲಿಷರ ಬಾಯಲ್ಲಿ ಬಹುವಚನದ ಎಸ್‌ಗೆ ಮೂರು ಧ್ವನಿ. ಬೆಕ್ಕಿಗೆ ‘ಸ್’, ನಾಯಿಗೆ ಝೇಂಕಾರದಂಥ ‘ಝ್’, ಬಸ್ಸಿಗೆ ‘ಇಝ್’. 1958ರಲ್ಲಿ ಅಮೆರಿಕದ ಜೀನ್ ಬರ್ಕೊ ಎಂಬವರು ಪುಟ್ಟ ಮಕ್ಕಳಿಗೆ ಎಲ್ಲೂ ಇಲ್ಲದ ಒಂದು ಪ್ರಾಣಿಯ ಚಿತ್ರ ತೋರಿಸಿ ಇದು ‘ವಗ್’ ಎಂದರು, ಎರಡನ್ನು ತೋರಿಸಿ ಇವು ಏನು ಎಂದು ಕೇಳಿದರು. ಹಿಂದೆಂದೂ ಕೇಳಿರದ ಶಬ್ದಕ್ಕೆ ಹೆಚ್ಚಿನ ಮಕ್ಕಳು ಸರಿಯಾದ ಧ್ವನಿ ಸೇರಿಸಿ ಬಹುವಚನ ಮಾಡಿದರು. ಮಕ್ಕಳು ಕಲಿಯುವುದು ಬಾಯಿಪಾಠದಿಂದಲ್ಲ, ತಾವೇ ನಿಯಮ ಕಂಡುಹಿಡಿದು ಎಂಬುದಕ್ಕೆ ಅದು ಸಾಕ್ಷಿಯಾಯಿತು. ‘ಶೀಪ್ಸ್’ ಎಂದು ಬರೆದ ಮಗು ನಿಯಮವನ್ನು ಕಲಿತಿದೆ, ಅಪವಾದವನ್ನು ಕಲಿತಿಲ್ಲ. ಅರ್ಧ ಅಂಕವಾದರೂ ಕೊಡಬೇಕು ಎನ್ನುವುದು ನನ್ನ ಪಕ್ಷ.

ನನ್ನ ಕೆಲಸದಲ್ಲಿ ಈ ವಿಷಯ ದಿನವೂ ಎದುರಾಗುತ್ತದೆ. ಒಂದೇ ಸಂದೇಶ ಬಂದಿದ್ದರೂ ‘1 ಸಂದೇಶಗಳು’ ಎಂದು ತೋರಿಸುವ ಫೋನನ್ನು ನೀವೂ ನೋಡಿರಬಹುದು. ಇಂಗ್ಲಿಷಿನಲ್ಲಿ ಯೋಚಿಸಿ ಬರೆದ ಪ್ರೋಗ್ರಾಮು ಒಂದು, ಉಳಿದದ್ದು ಎಂಬ ಎರಡೇ ಭಾಗ ಮಾಡುತ್ತದೆ. ಜಪಾನಿ ಭಾಷೆಗೆ ಒಂದೇ ರೂಪ ಸಾಕು. ಅರಬ್ಬಿಗೆ ಆರು ಬೇಕು, ಅದರಲ್ಲಿ ಎರಡಕ್ಕೇ ಮೀಸಲಾದದ್ದೂ ಸೇರಿ. (ಸಂಸ್ಕೃತದ ದ್ವಿವಚನದ ಹಾಗೆ, ‘ನಾವಿಬ್ಬರು’ ಎನ್ನಲು ಹಳೆಯ ಇಂಗ್ಲಿಷಿಗೂ ‘ವಿಟ್’ ಎಂಬ ಬೇರೆ ಶಬ್ದ ಇತ್ತು.) ರಷ್ಯನ್ ಭಾಷೆಯಲ್ಲಿ ಇಪ್ಪತ್ತೊಂದಕ್ಕೆ ಏಕವಚನ. ಇವನ್ನೆಲ್ಲ ಯೂನಿಕೋಡ್ ಸಂಸ್ಥೆ ಒಂದು ಕಡೆ ದಾಖಲಿಸಿ ಇಟ್ಟಿದೆ. ಅಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಇರುವ ವ್ಯತ್ಯಾಸ ಸೊನ್ನೆಯಲ್ಲಿ. ಇಂಗ್ಲಿಷಿನಲ್ಲಿ ಸೊನ್ನೆಗೆ ಬಹುವಚನ, ‘ಝೀರೋ ಮಾರ್ಕ್ಸ್’. ಕನ್ನಡದಲ್ಲಿ ಸೊನ್ನೆಯನ್ನು ಒಂದರ ಜೊತೆಗೇ ಸೇರಿಸಿದ್ದಾರೆ: ‘ಸೊನ್ನೆ ಅಂಕ’.

ಗೌರವದ ವಿಷಯದಲ್ಲಿ ಮಾತ್ರ ಇಂಗ್ಲಿಷ್ ಕೈಚೆಲ್ಲಿದೆ. ನಮ್ಮಲ್ಲಿ ಒಬ್ಬರೇ ಮಾಸ್ಟ್ರು ಬಂದರೂ ‘ಬಂದರು’. ಆ ‘ಮಾಸ್ಟ್ರು’ವಿನ ‘ರು’ ಇಂಗ್ಲಿಷಿನ ‘ಮಾಸ್ಟರ್’ದೋ ಕನ್ನಡದ ಗೌರವದ್ದೋ ಬಿಡಿಸಿ ಹೇಳುವುದು ಕಷ್ಟ. ಇಂಗ್ಲಿಷಿನಲ್ಲಿಯೂ ‘ದೌ’ ನೀನು, ‘ಯೂ’ ನೀವು ಆಗಿದ್ದವು. ದೊಡ್ಡವರಿಗೆ ‘ಯೂ’ ಎನ್ನುತ್ತಾ ಎನ್ನುತ್ತಾ ಕೊನೆಗೆ ಎಲ್ಲರಿಗೂ ಅದನ್ನೇ ಎಂದರು, ‘ನೀನು’ ಸತ್ತುಹೋಯಿತು. ತುಳುವಿನಲ್ಲಿ ‘ಈ’, ‘ಈರ್’ ಎರಡೂ ಗಟ್ಟಿಯಾಗಿವೆ; ಯಾರಿಗೆ ಯಾವುದು ಎಂದು ತಪ್ಪಿದರೆ ಮನೆಯಲ್ಲಿ ಅಜ್ಜಿ ಬಿಡುವುದಿಲ್ಲ.

ಇಂಗ್ಲಿಷಿನಿಂದ ನಾವು ತಂದುಕೊಂಡ ಶಬ್ದಗಳು ಮೊದಮೊದಲು ನಮ್ಮ ಪ್ರತ್ಯಯ ಹಾಕಿಕೊಂಡೇ ನಡೆದವು. ಬೆಂಚುಗಳು, ಮಾರ್ಕುಗಳು, ಫೋಟೋಗಳು, ತುಳುವಿನಲ್ಲಿ ಬಸ್ಸುಲು. ಈಚಿನವು ಎಸ್ ಸಮೇತ ಬರುತ್ತಿವೆ. ‘ಚಿಪ್ಸ್’ ಎಷ್ಟಿದ್ದರೂ ಚಿಪ್ಸ್, ‘ಶೂಸ್’ ಹರಿದದ್ದು ಒಂದೇ ಆದರೂ ಶೂಸ್. ಶಾಲೆಯ ಸಭೆಗೆ ಬರಹೇಳುವಾಗ ‘ಪೇರೆಂಟ್ಸ್‌ಗಳು’ ಬರಬೇಕು ಎನ್ನುತ್ತಾರೆ, ಅಂಗಡಿಯ ಹತ್ತಿರ ಅದೇ ಮಾತು ‘ಪೇರೆಂಟ್ಸ್‌ನಕುಲು’ ಆಗುತ್ತದೆ. ‘ಚಿಲ್ಡರ್’ಗೆ ಎನ್ ಹಚ್ಚಿದವರು ಮಾಡಿದ್ದೂ ಇದನ್ನೇ.